ಬಿಡಿಸಿ ಕೊಟ್ಟ ಮಾತ್ರೆ

"ಇವಳಿಗೆ ಫಿಟ್ಸ್ ಬರೋದು ಇವಳ ಹಟದಿಂದ್ಲೇ, ಡಾಕ್ಟ್ರೇ," ಎಂದ ಗಂಡ. "ದಿನಾ ನಾನೇ ಮಾತ್ರೆ ಬಿಡಿಸಿ ಅಂಗೈಗೆ ಹಾಕ್ತೀನಿ. ಇವಳು ಬಚ್ಚಲಿಗೆ ಹೋಗಿ ಉಗುಳಿ ಬರ್ತಾಳೆ. ಔಷಧಿ ತಗೊಳ್ಳಲ್ಲ ಅಂತ ಒಂದು ಚೀಟಿ ಬರ್ಕೊಡಿ. ತವರಿಗೆ ಕಳಿಸಿಬಿಡ್ತೀನಿ."

ಹೆಂಡತಿ ತಲೆ ತಗ್ಗಿಸಲಿಲ್ಲ. "ನಾನು ಉಗುಳಿಲ್ಲ. ಫಿಟ್ಸೂ ಬಂದಿಲ್ಲ."

"ಸುಳ್ಳು! ರಕ್ತ ಪರೀಕ್ಷೆ ಮಾಡಿಸಿದ್ದೀರಲ್ಲ, ನೋಡಿ ಹೇಳಿ. ಔಷಧಿ ಒಂಚೂರೂ ಇರಲ್ಲ."

ಡಾಕ್ಟರ್ ರಿಪೋರ್ಟ್ ಓದಿ ಕನ್ನಡಕ ತೆಗೆದರು. "ರಕ್ತದಲ್ಲಿ ಔಷಧಿ ಎಷ್ಟಿರಬೇಕೋ ಅಷ್ಟೇ ಇದೆ. ಇದೇ ಮಾತ್ರೆ, ಇದೇ ಡೋಸ್ ಮುಂದುವರಿಸೋಣ."

ಗಂಡ ಕುರ್ಚಿಯಿಂದ ಎದ್ದೇಬಿಟ್ಟ. "ಅದು ಹೇಗಿರತ್ತೆ? ಯುಗಾದಿಯಿಂದ ನಾನು ಕೊಡ್ತಿರೋದು ಬರೀ ವಿಟಮಿನ್ ಮಾತ್ರೆ!"

ಹೆಂಡತಿ ಬ್ಯಾಗಿನಿಂದ ಅರ್ಧ ಖಾಲಿಯಾದ ಫಿಟ್ಸ್ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟಳು.

"ಹೈಸ್ಕೂಲಿನಿಂದ ನುಂಗ್ತಿರೋ ಮಾತ್ರೆ. ಬದಲಾದ್ರೆ ನನ್ನ ನಾಲಿಗೆಗೆ ಗೊತ್ತಾಗಲ್ವಾ? ಇವರು ಕೊಟ್ಟಿದ್ದನ್ನೂ ನುಂಗಿದೆ, ನಾನು ತಂದಿದ್ದನ್ನೂ ನುಂಗಿದೆ. ಈಗ ಆ ಚೀಟಿ ಬರ್ಕೊಡಿ, ಡಾಕ್ಟ್ರೇ. ಇವರು ಈಗ ತಾನೇ ಹೇಳಿದ್ದನ್ನ ಹಾಗೇ ಬರ್ಕೊಡಿ."