ಇನ್ನೊಂದು ಶೀಶೆ

"ಈ ರೋಗ ಮನುಷ್ಯರಿಗೂ ಅಂಟುತ್ತಮ್ಮ," ಎನ್ನುತ್ತಾ ಅನಂತಪದ್ಮನಾಭ ಹಸುವಿನ ಕತ್ತಿನಿಂದ ಸೂಜಿ ಹೊರತೆಗೆದ. ಬೆಂಗಳೂರಿನ ಪಶುವೈದ್ಯ ಕಾಲೇಜಿನಿಂದ ಸಂಶೋಧನೆಗೆಂದು ಬಂದವನು, ಅಜ್ಜಂಪುರದ ಸುತ್ತ ದಿನ ತುಂಬುವ ಮೊದಲೇ ಗರ್ಭ ಇಳಿದು ಕಂದು ಹಾಕಿದ ಹಸುಗಳ ರಕ್ತ ಸಂಗ್ರಹಿಸುತ್ತಿದ್ದ. "ಸತ್ತು ಬಿದ್ದ ಕರುಗಳನ್ನ ಎತ್ತಿದ್ದು ಯಾರು?"

"ನಾನೇ, ಬರಿಗೈಲಿ," ಎಂದಳು ಹಸುವಿನ ಹಗ್ಗ ಹಿಡಿದಿದ್ದ ಕಾಶಮ್ಮ. "ಅಂಟಿದ್ರೆ ಹೆಂಗಸ್ರಿಗೂ ಬಸ್ರು ನಿಲ್ಲಲ್ವಾ ಸ್ವಾಮಿ?"

"ಕೆಲವರಿಗೆ ಹಾಗಾಗುತ್ತೆ. ಹೆದರ್ಬೇಡಿ, ಔಷಧಿ ಇದೆ."

ಕಾಶಮ್ಮ ಹಗ್ಗ ಬಿಟ್ಟಳು. ಮೂರನೆಯ ಬಸಿರೂ ಇಳಿದುಹೋದಾಗ ಅತ್ತೆ ಅದನ್ನು ಅವಳ ಪಾಪ ಎಂದಿದ್ದಳು. ಗಂಡ ತೊಟ್ಟಿಲನ್ನು ಅಟ್ಟಕ್ಕೇರಿಸಿದ್ದ. ಅವಳು ಸೆರಗಿನಲ್ಲಿ ಕೈಯೊರೆಸಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿ, ಹಸುವಿನ ಬೆನ್ನ ಮೇಲಿಂದ ಅವನತ್ತ ತೋಳು ಚಾಚಿದಳು.

"ಇನ್ನೊಂದು ಶೀಶೆ ಇದ್ರೆ ನನ್ ರಕ್ತಾನೂ ತಗಳ್ರಿ."

"ನಾನು ದನದ ಡಾಕ್ಟ್ರು ತಾಯಿ. ಕಡೂರಿನ ಆಸ್ಪತ್ರೆಗೆ ಚೀಟಿ ಬರೆದುಕೊಡ್ತೀನಿ. ಆದ್ರೂ ಯಾಕೆ ಗಾಬರಿ? ನಿಮಗೆ ರೋಗ ಇಲ್ಲದೇನೂ ಇರಬಹುದು."

ಚಾಚಿದ ತೋಳನ್ನು ಕಾಶಮ್ಮ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಹಂಗನ್ಬೇಡಿ ಸ್ವಾಮಿ," ಎಂದಳು. "ರೋಗಕ್ಕೆ ಔಷಧಿ ಐತೆ ಅಂದ್ರಲ್ಲ. ರೋಗಾನೇ ಆಗಿರ್ಲಿ."