ಕೌದಿಯ ಹೊಟ್ಟೆ

ತುಂಗಾ ಬಾಲ್ಕನಿಯ ಬಾಗಿಲು ತೆಗೆದದ್ದೇ ತಡ, ಬಿಸಿಲಿಗೆ ಹರವಿದ್ದ ಕೌದಿಯ ಮೇಲಿಂದ ಗುಬ್ಬಿಗಳ ಹಿಂಡು ಭರ್ರನೆ ಎದ್ದುಹೋಯಿತು. ಕೌದಿಯ ನಟ್ಟನಡುವೆ ಅಂಗೈಯಗಲ ಹೊಲಿಗೆ ಬಿಚ್ಚಿ, ಒಳಗಿನ ಜೋಳದ ಕಾಳು ಚೆಲ್ಲಿದ್ದವು.

"ಹಾಳಾದ ಗುಬ್ಬಿ," ಎನ್ನುತ್ತ ಅವಳು ಅಲ್ಲೇ ಕುಕ್ಕರಿಸಿದಳು. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಚಳಿಗಾಲವಿಡೀ ರಾತ್ರಿ ಅತ್ತೆಯ ಕೆಮ್ಮಿಗೆ ಎದ್ದು, ಹಗಲು ಧರಮಪೇಠದ ಶಾಲೆಯಲ್ಲಿ ಮಕ್ಕಳೆದುರು ಗಂಟಲು ಹರಿದುಕೊಂಡು ಮೈ ಹಿಂಡಿ ಹಿಪ್ಪೆಯಾಗಿತ್ತು. ಇವತ್ತೊಂದು ರವಿವಾರ ಸಿಕ್ಕಿತ್ತು. ಕೌದಿ ಟ್ರಂಕಿಗೆ ಹೋಗಿ, ಕೂಲರ್ ಕಿಟಕಿಗೆ ಬಂದರೆ ನಾಗಪುರದಲ್ಲಿ ಚಳಿಗಾಲ ಮುಗಿದ ಹಾಗೆಯೇ.

"ಜಲ್ದಿ ಮಡಚಿಡು, ತುಂಗಾ. ಮಧ್ಯಾಹ್ನ ಕೂಲರ್ ಹಚ್ಚಿ ನೋಡೋಣು," ಒಳಗೆ ಕೂಲರ್ ತೊಳೆಯುತ್ತಿದ್ದ ಗಂಡ ಗಿರಿಧರ ಕೂಗಿದ.

ಅವನ ಮದುವೆಯಾದ ವರ್ಷ ಅತ್ತೆ ಸೀತಾಲಕ್ಷ್ಮಿ ಗದಗಿನಲ್ಲಿ ಕೂತು ಹೊಲಿದ ಕೌದಿ ಅದು. ಅವರ ಇಳಕಲ್ ಸೀರೆ, ಮಾವನವರ ಧೋತರ, ಗಿರಿಧರನ ಶಾಲೆಯ ಅಂಗಿ, ಎಲ್ಲವೂ ಅದರಲ್ಲಿ ತುಂಡು ತುಂಡಾಗಿ ಬದುಕಿದ್ದವು. ಕೊನೆಗೆ ನಡುವೆ ಒಂದು ಹಿಡಿ ಕಾಳು ಹಾಕಿ, ಕೌದಿಯ ಹೊಟ್ಟೆ ತುಂಬಿಸಿ ಮುಚ್ಚುವುದು ಅವರ ಮನೆಯ ಪದ್ಧತಿ. ಹೊಟ್ಟೆ ತೆರೆದ ಕೌದಿ ಬಿಟ್ಟು ಹೊಲಿದವಳು ಎಲ್ಲಿಗೂ ಹೊರಡುವಂತಿಲ್ಲ, ಪಕ್ಕದ ಊರಿಗೂ ಸಹ.

ತುಂಗಾ ಸೂಜಿಗೆ ದಾರ ಪೋಣಿಸಿ ತಂದಳು. ಹರಿದ ಜಾಗವನ್ನು ಕಣ್ಣಿಗೆ ಹತ್ತಿರ ಹಿಡಿದಾಗ ಕೈ ನಿಂತಿತು. ಗುಬ್ಬಿ ಕುಕ್ಕಿದ ದಾರ ಎಳೆಎಳೆಯಾಗಿರಬೇಕಿತ್ತು. ಇದು ನೇರವಾಗಿ ಕತ್ತರಿಸಿದ್ದು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಎಲೆಯಡಿಕೆ ಸಂಚಿಯಿಂದ ಕತ್ತರಿಯ ಮೂತಿ ಇಣುಕುತ್ತಿತ್ತು.

"ಅತ್ತಿ, ನೀವ ಬಿಚ್ಚೀರೇನ್ರಿ ಇದನ್ನ?"

"ಹೂಂ. ಸುಮ್ಮನ ಗುಬ್ಬಿಗೆ ಬೈಬ್ಯಾಡ."

"ಯಾಕ್ರಿ? ಇದ್ದ ಕೆಲಸ ನನಗ ಸಾಲದಾಗಿತ್ತೇನು?"

ಸೀತಾಲಕ್ಷ್ಮಿ ಕೂಲರಿನ ಕಡೆ ನೋಡಿದರು. ಹೋದ ಮೇ ತಿಂಗಳ ಬಿಸಿಲು ಅವರನ್ನು ಆಸ್ಪತ್ರೆಗೆ ಹಾಕಿ, ಅರ್ಧ ಜೀವ ಮಾಡಿ ಮನೆಗೆ ಕಳಿಸಿತ್ತು. ಇಂಥ ಇನ್ನೊಂದು ಬೇಸಿಗೆ ಇವರಿಂದ ದಾಟಲಾಗದು ಎಂದು ಡಾಕ್ಟರು ಬಾಗಿಲ ಹೊರಗೆ ಮರಾಠಿಯಲ್ಲಿ ಹೇಳಿದ್ದರು. ಮುದುಕಿಗೆ ಮರಾಠಿ ಬಾರದೆಂದು ಎಲ್ಲರೂ ತಿಳಿದಿದ್ದರು.

"ನೀ ಹೊಲೀಬ್ಯಾಡ," ಎಂದರು ಕೊನೆಗೆ. "ಹಂಗ ಮಡಚಿಡು. ಚಳಿ ಬಂದಮ್ಯಾಲೆ ನಾನ ಕೂತು ಮುಚ್ಚತೀನಿ. ಹೊಟ್ಟಿ ತಗದಿಟ್ಟು ಹೆಂಗ ಹೋಗ್ಲಿಕ್ಕೆ ಬರ್ತದ?"

ತುಂಗಾ ಕೈಯಲ್ಲಿದ್ದ ಸೂಜಿಯನ್ನೇ ನೋಡಿದಳು. ಮೊನ್ನೆ ರಾತ್ರಿ ಮತ್ತೆ ಕೆಮ್ಮು ಕೇಳಿ ಎದ್ದಾಗ, 'ಇದೆಲ್ಲ ಒಮ್ಮೆ ಮುಗಿದರೆ ಸಾಕಪ್ಪ' ಎಂದು ಮನಸ್ಸು ಅಂದುಬಿಟ್ಟಿತ್ತು. ಆ ಮಾತು ಈಗ ಮುಳ್ಳಿನಂತೆ ಚುಚ್ಚಿತು. ಇನ್ನೊಂದು ಬೇಸಿಗೆ, ಇನ್ನೊಂದು ಚಳಿಗಾಲವೆಂದರೆ ಎಷ್ಟು ನಿದ್ದೆಗೆಡಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ನಡು ಈಗಲೇ ನೋಯುತ್ತಿತ್ತು.

"ತುಂಗಾ, ಕೂಲರ್ ಹಚ್ಚಲೇನು?" ಗಿರಿಧರ ಮತ್ತೆ ಕೇಳಿದ.

"ಇವತ್ತ ಬ್ಯಾಡ್ರಿ. ಇನ್ನಷ್ಟು ದಿನ ಥಂಡಿ ಅದ."

ಅವಳು ಸೂಜಿಯಿಂದ ದಾರ ಎಳೆದು ತೆಗೆದಳು. ಕೌದಿಯನ್ನು ಬಾಯಿ ತೆರೆದ ಹಾಗೆಯೇ ಮಡಚಿದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಜೋಳ ತಂದು ಅತ್ತೆಯ ಉಡಿಗೆ ಹಾಕಿದಳು.

"ಇದು ಗುಬ್ಬಿಗೆ, ಅತ್ತಿ. ಕೌದೀದು ದೀಪಾವಳಿ ಆದಮ್ಯಾಲೆ ಕೊಡ್ತೀನಿ."