ನಡುಗಡ್ಡೆಯ ಅಕ್ಕ

ಸೌತೆಕಾಯಿ ಹೆಚ್ಚಿದ ವಾಸನೆ ಬಂದರೆ ಈಗಲೂ ನನಗೆ ಆ ನಡುಗಡ್ಡೆ ಕಣ್ಣಿಗೆ ಕಟ್ಟುತ್ತದೆ.

ಆಗ ಮಲಪ್ರಭೆಗೆ ಅಣೆಕಟ್ಟು ಇರಲಿಲ್ಲ. ರೋಣದ ಕಡೆಯ ನಮ್ಮೂರಿನ ಎದುರಿಗೆ, ಹೊಳೆಯ ನಡುವೆ, ನಾಲ್ಕು ಮನೆಗಳ ಗಡ್ಡೆಯಿತ್ತು. ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಡೆದೇ ಹೋಗುತ್ತಿದ್ದೆವು. ಹೊಳೆ ತುಂಬಿದರೆ ವಾರಗಟ್ಟಲೆ ಯಾರೂ ದಾಟುತ್ತಿರಲಿಲ್ಲ.

ಅಕ್ಕನಿಗೆ ಚೊಚ್ಚಲ ಹೆರಿಗೆ ಹತ್ತಿರ ಬಂದಿತ್ತು. "ಮುಗಿಲು ಕಟ್ಟೇತಿ. ಇವತ್ತ ಅಕ್ಕನ್ನ ಕರಕೊಂಡು ಬಾ ಯವ್ವಾ, ನಾಳಿ ಹೊಳಿ ಬಂದ್ರ ಮುಗೀತು" ಎಂದು ಅವ್ವ ನನ್ನನ್ನು ಕಳಿಸಿದಳು. ಮನೆಗೆ ಕೂಸು ಬಂದರೆ ತೊಟ್ಟಿಲು ತೂಗಲು ನನ್ನನ್ನು ಶಾಲೆ ಬಿಡಿಸುತ್ತಾರೆಂದು ನನಗೆ ಗೊತ್ತಿತ್ತು.

ಅಕ್ಕ ಮರಳಿನಲ್ಲಿ ಬೆಳೆದ ಸೌತೆಕಾಯಿ ಹೆಚ್ಚಿ, ಉಪ್ಪು ಹಚ್ಚಿ ಕೊಟ್ಟಳು. "ಅವ್ವ ಏನರ ಹೇಳ್ಯಾಳೇನ? ಇಲ್ಲಾ ಬರೇ ತಿನ್ನಾಕ ಬಂದಿಯೇನ, ಹೊಟ್ಟಿಬಾಕಿ?" ಎಂದು ನಕ್ಕಳು.

"ಏನೂ ಹೇಳಿಲ್ಲ" ಎಂದೆ.

ಮನೆಗೆ ಮರಳಿ, "ಅಕ್ಕ ಬರೂದಿಲ್ಲ ಅಂದ್ಲು" ಎಂದೆ.

ಆ ರಾತ್ರಿಯೇ ಹೊಳೆ ಬಂತು. ಎಂಟನೆಯ ದಿನ ನೀರು ಇಳಿದಾಗ ಅಕ್ಕನ ಗಂಡನ ಕಡೆಯವರು ಸುದ್ದಿ ತಂದರು. ಸೂಲಗಿತ್ತಿ ದಾಟಲಾಗದೆ ಅಕ್ಕ, ಕೂಸು ಇಬ್ಬರೂ ಉಳಿಯಲಿಲ್ಲ.

ನನ್ನ ಶಾಲೆ ಮುಂದೆ ಎರಡೇ ವರ್ಷ ನಡೆಯಿತು.

"ಕರೆ ಕಳಿಸಿದ್ರೂ ಬರಲಿಲ್ಲ, ಹಟಮಾರಿ" ಎಂದು ಅವ್ವ ಸಾಯುವವರೆಗೂ ಅಕ್ಕನನ್ನೇ ಬೈದು ಅತ್ತಳು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದೆ.